ಅಡಿಕೆ ಬೆಳೆಗಾರರ ಗುಂಪಿಗೆ ಮಳೆ ಮುನ್ಸೂಚನೆ ಕಳುಹಿಸುವಾಗ ಯಾರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯಬೇಕು?

ಸುಳ್ಯ ಸೀಮೆ (ಚರ್ಚೆ ಆರಂಭಿಸಿದವರು):

ಎಲ್ಲರಿಗೂ ನಮಸ್ಕಾರ. ನಮ್ಮ ಊರಿನ ಬೆಳೆಗಾರರ ಕೂಟದ ವಾಟ್ಸ್‌ಆ್ಯಪ್ ಗುಂಪಿಗೆ ಮಳೆ ಮತ್ತು ಕೊಳೆರೋಗದ (ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆತು ಉದುರುವ ರೋಗ) ಕುರಿತ ಸಂದೇಶಗಳನ್ನು ಸಿದ್ಧಪಡಿಸುವ ಹೊಣೆ ಈ ಮಳೆಗಾಲದಿಂದ ನನ್ನ ಮೇಲೆ ಬಿದ್ದಿದೆ. ಗುಂಪಿನಲ್ಲಿ ಇರುವವರು ಒಂದೇ ಬಗೆಯ ಜನರಲ್ಲ. ಐವತ್ತು ವರ್ಷದಿಂದ ತೋಟ ನೋಡಿಕೊಂಡವರಿದ್ದಾರೆ, ತಂದೆ ತೀರಿಕೊಂಡ ಮೇಲೆ ಬೆಂಗಳೂರಿನಿಂದಲೇ ತೋಟ ನಡೆಸುತ್ತಿರುವ ಮಕ್ಕಳಿದ್ದಾರೆ, ಮದ್ದು ಬಿಡುವ, ಅಂದರೆ ಗೊನೆಗಳಿಗೆ ಔಷಧ ಸಿಂಪಡಿಸುವ ಕೆಲಸದವರಿದ್ದಾರೆ, ಮನೆಯ ಲೆಕ್ಕಪತ್ರವನ್ನೆಲ್ಲ ತಾವೇ ನೋಡಿಕೊಳ್ಳುವ ಹೆಂಗಸರಿದ್ದಾರೆ. ಇವರೆಲ್ಲರಿಗೂ ಇದುವರೆಗೆ ಹೋಗುತ್ತಿದ್ದ ಸಂದೇಶದ ಮಾದರಿ ಸುಮಾರಾಗಿ ಹೀಗಿತ್ತು:

"ಆತ್ಮೀಯ ಕೃಷಿಕ ಬಾಂಧವರೇ, ಹವಾಮಾನ ಇಲಾಖೆಯ ಮುನ್ಸೂಚನೆಯಂತೆ ನಾಳೆ ಜಿಲ್ಲೆಯ ಒಂದೆರಡು ಕಡೆಗಳಲ್ಲಿ ಭಾರೀ ಮಳೆಯಾಗುವ ಸಾಧ್ಯತೆಯಿದ್ದು, ಹಳದಿ ಎಚ್ಚರಿಕೆ ಘೋಷಿಸಲಾಗಿದೆ. ಬೆಳೆಗಾರರು ಸೂಕ್ತ ಸಮಯದಲ್ಲಿ ಶಿಲೀಂಧ್ರನಾಶಕ ಸಿಂಪಡಣೆ ಕೈಗೊಂಡು ಬೆಳೆಯನ್ನು ಸಂರಕ್ಷಿಸಿಕೊಳ್ಳತಕ್ಕದ್ದು."

ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಇದನ್ನು ಓದಿ ಯಾರೂ ಏನನ್ನೂ ನಿರ್ಧರಿಸಲಾರರು ಎಂದು ನನಗೆ ಅನಿಸುತ್ತದೆ. ಸೂಕ್ತ ಸಮಯ ಯಾವುದು ಎಂದು ತಿಳಿದವರಿಗೆ ಈ ಸಂದೇಶ ಬೇಕಿಲ್ಲ. ತಿಳಿಯದವರಿಗೆ ಇದು ಏನನ್ನೂ ಹೇಳುವುದಿಲ್ಲ. ಇಷ್ಟೊಂದು ಬಗೆಯ ಓದುಗರಿಗೆ ಒಂದೇ ಸಂದೇಶವನ್ನು ಬರೆಯಬಹುದೇ, ಬರೆಯುವುದಾದರೆ ಹೇಗೆ ಎಂದು ಅನುಭವಿಗಳು ತಿಳಿಸಬೇಕು.

ನಿವೃತ್ತ ವಿಸ್ತರಣಾಧಿಕಾರಿ:

ಪ್ರಶ್ನೆಯನ್ನು ಸ್ವಲ್ಪ ಬದಲಿಸಿ ಕೇಳಿಕೊಂಡರೆ ಉತ್ತರ ಸುಲಭವಾಗುತ್ತದೆ. "ಓದುವವರು ಯಾರು" ಎಂಬುದಕ್ಕಿಂತ "ಇದನ್ನು ಓದಿದವರು ಮುಂದಿನ ಎರಡು ದಿನಗಳಲ್ಲಿ ಏನನ್ನು ತೀರ್ಮಾನಿಸಬೇಕಾಗಿದೆ" ಎಂದು ಕೇಳಿಕೊಳ್ಳಿ. ಜುಲೈ ತಿಂಗಳಲ್ಲಿ ನಿಮ್ಮ ಗುಂಪಿನ ಬಹುತೇಕರ ಮುಂದಿರುವುದು ಒಂದೇ ತೀರ್ಮಾನ: ಕೊಳೆರೋಗ ತಡೆಯುವ ಬೋರ್ಡೋ (ಮೈಲುತುತ್ತ-ಸುಣ್ಣದ ದ್ರಾವಣ) ಎರಡನೆಯ ಬಾರಿ ಸಿಂಪಡಿಸಲು ಜನ ಕರೆಯಬೇಕೋ, ಎರಡು ದಿನ ಕಾಯಬೇಕೋ. ಮೊದಲ ಸಿಂಪಡಣೆ ಮುಂಗಾರು ಹಿಡಿಯುವ ಮುನ್ನ ಆಗಿರುತ್ತದೆ, ಎರಡನೆಯದು ಅದಾದ 40ರಿಂದ 45 ದಿನಗಳ ನಂತರ ಆಗಬೇಕು, ಆ ದಿನಗಳೋ ಮಳೆ ಬಿಡುವು ಕೊಡದ ದಿನಗಳು. ಹೀಗಿರುವಾಗ ಆ ವ್ಯಕ್ತಿಗೆ ಬೇಕಾಗಿರುವುದು ಮಳೆ ಬರುತ್ತದೆ ಎಂಬ ಸುದ್ದಿಯಲ್ಲ, ಮಳೆ ಯಾವಾಗ ಬಿಡುತ್ತದೆ ಎಂಬ ಸುದ್ದಿ. ನಮ್ಮ ಸಂದೇಶಗಳು ಇದನ್ನು ಹೇಳುವುದೇ ಇಲ್ಲ, ಏಕೆಂದರೆ ಎಚ್ಚರಿಕೆಯ ಪ್ರಕಟಣೆ ಮಳೆಯನ್ನು ಕುರಿತು ಇರುತ್ತದೆ, ನಾವು ಅದನ್ನು ಹಾಗೆಯೇ ಎತ್ತಿ ಗುಂಪಿಗೆ ಹಾಕುತ್ತೇವೆ.

ಇನ್ನು ನೀವು ಉಲ್ಲೇಖಿಸಿದ ಸಂದೇಶದಲ್ಲಿ "ಒಂದೆರಡು ಕಡೆಗಳಲ್ಲಿ" ಎಂಬ ಮಾತು ಇದೆ. ಹವಾಮಾನ ಇಲಾಖೆಯವರ ಲೆಕ್ಕದಲ್ಲಿ ಅದಕ್ಕೆ ಖಚಿತವಾದ ಅರ್ಥವಿದೆ: ಆ ಪ್ರದೇಶದ ಮಳೆಮಾಪನ ಕೇಂದ್ರಗಳಲ್ಲಿ ಶೇಕಡಾ 25ರಷ್ಟಕ್ಕಿಂತ ಹೆಚ್ಚಿಲ್ಲದ ಕಡೆ ಎಂದು. ಕೆಲವು ಕಡೆ ಎಂದರೆ ಶೇಕಡಾ 50ರವರೆಗೆ, ಹಲವು ಕಡೆ ಎಂದರೆ 75ರವರೆಗೆ, ಅದಕ್ಕೂ ಮೇಲಾದರೆ ಬಹುತೇಕ ಎಲ್ಲ ಕಡೆ. ಬೆಳೆಗಾರರು ಅದನ್ನು ಓದುವ ಬಗೆಯೇ ಬೇರೆ. ಒಂದೆರಡು ಕಡೆ ಎಂದೊಡನೆ ಮಳೆ ಕಡಿಮೆ ಎಂದು ತಿಳಿದು ಮದ್ದು ಬಿಡುವವರನ್ನು ಕರೆಸುತ್ತಾರೆ. ಮಳೆಯ ಪ್ರಮಾಣ ಬೇರೆ, ಅದು ಹರಡುವ ವ್ಯಾಪ್ತಿ ಬೇರೆ ಎಂಬುದು ಆ ಸಾಲಿನಿಂದ ಅವರಿಗೆ ತಿಳಿಯುವ ದಾರಿಯೇ ಇಲ್ಲ.

ಪ್ರಮಾಣಕ್ಕೂ ಹೀಗೆಯೇ ಮಿತಿಗಳಿವೆ. 24 ಗಂಟೆಗಳಲ್ಲಿ 64.5ರಿಂದ 115.5 ಮಿಲಿಮೀಟರ್ ಆದರೆ ಭಾರೀ, 115.6ರಿಂದ 204.4ರವರೆಗೆ ಅತಿ ಭಾರೀ, ಅದನ್ನು ದಾಟಿದರೆ ಅತ್ಯಂತ ಭಾರೀ. ಈ 24 ಗಂಟೆಗಳೂ ನಡುರಾತ್ರಿಯಿಂದ ನಡುರಾತ್ರಿಗೆ ಅಲ್ಲ, ಬೆಳಗ್ಗೆ 8.30ರಿಂದ ಮರುದಿನ ಬೆಳಗ್ಗೆ 8.30ಕ್ಕೆ. "ನಾಳೆ" ಎಂದು ಬರೆದರೆ ನಾಳೆ ಬೆಳಗಿನ ಜಾವ ಐದಕ್ಕೆ ಸುರಿಯುವ ಮಳೆ ಯಾವ ದಿನದ ಲೆಕ್ಕಕ್ಕೆ ಸೇರಿತು ಎಂಬ ಗೊಂದಲ ಉಳಿದೇ ಉಳಿಯುತ್ತದೆ.

ಬಣ್ಣಗಳ ವಿಷಯವೂ ಅಷ್ಟೇ. ಹಳದಿ ಎಂದರೆ ಗಮನಿಸುತ್ತಿರಿ, ಕಿತ್ತಳೆ ಎಂದರೆ ಸಿದ್ಧರಾಗಿರಿ, ಕೆಂಪು ಎಂದರೆ ಕ್ರಮ ಕೈಗೊಳ್ಳಿ. ಆದರೆ ಜುಲೈ ತಿಂಗಳ ಸುಳ್ಯದಲ್ಲಿ ದಿನಕ್ಕೆ 70 ಮಿಲಿಮೀಟರ್ ಸುರಿದರೆ ಯಾರೂ ತಲೆ ಎತ್ತಿ ನೋಡುವುದಿಲ್ಲ. ಅದೇ ಮಳೆ ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸಿನ ವಿಜಯಪುರದಲ್ಲಿ ಒಂದೇ ದಿನ ಬಿದ್ದರೆ ಊರೇ ಮಾತಾಡಿಕೊಳ್ಳುತ್ತದೆ. ಒಂದೇ ಬಣ್ಣವನ್ನು ಎರಡು ಊರಿನವರು ಒಂದೇ ರೀತಿ ಓದುವುದಿಲ್ಲ ಎಂಬುದನ್ನು ಬರೆಯುವವರು ಮರೆಯಬಾರದು.

ತೀರ್ಥಹಳ್ಳಿ ಬೆಳೆಗಾರ:

ಮೇಲಿನವರ ಮಾತಿಗೆ ಒಂದು ಸೇರ್ಪಡೆ. "ಅಡಿಕೆ ಬೆಳೆಗಾರರು" ಎಂದು ನೀವೆಲ್ಲ ಒಟ್ಟಾಗಿ ಕರೆಯುವವರೇ ಎರಡು ಬೇರೆ ಬೇರೆ ಕಾಲಮಾನಗಳಲ್ಲಿ ಬದುಕುವವರು. ನಮ್ಮಲ್ಲಿ ಹಸಿ ಅಡಿಕೆಯ ಗೊನೆಯನ್ನು ಆಗಸ್ಟ್-ಸೆಪ್ಟೆಂಬರಿನಿಂದಲೇ ಇಳಿಸಿ, ಸುಲಿದು, ಬೇಯಿಸಿ, ಒಣಗಿಸಿ ಕೆಂಪಡಿಕೆ ಮಾಡುತ್ತೇವೆ. ಕರಾವಳಿಯವರು ಹಣ್ಣಡಿಕೆಯನ್ನು ನವೆಂಬರಿನಿಂದ ಮಾರ್ಚ್‌ವರೆಗೆ ತೆಗೆದು ಅಂಗಳದಲ್ಲಿ ತಿಂಗಳಿಗೂ ಹೆಚ್ಚು ಕಾಲ ಒಣಗಿಸಿ ಚಾಲಿ ಮಾಡುತ್ತಾರೆ. ಸೆಪ್ಟೆಂಬರಿನಲ್ಲಿ ನಾಲ್ಕು ದಿನ ಬಿಸಿಲಿಲ್ಲ ಎಂಬ ಸುದ್ದಿ ಬಂದರೆ ನಮಗೆ ಒಲೆಯ ಮುಂದೆ ಕುಳಿತು ಯೋಚಿಸುವ ಪರಿಸ್ಥಿತಿ, ಅವರಿಗೆ ಇನ್ನೊಂದು ಸುತ್ತು ಕೊಳೆಯ ಚಿಂತೆ. ಜನವರಿಯಲ್ಲಿ ಅಕಾಲಿಕ ಮಳೆಯ ಸುದ್ದಿ ಬಂದರೆ ಅವರು ಟಾರ್ಪಾಲು ಹುಡುಕಿ ಓಡುತ್ತಾರೆ, ನಮ್ಮಲ್ಲಿ ಹೆಚ್ಚಿನವರ ಮಾಲು ಆಗಲೇ ಚೀಲ ಸೇರಿರುತ್ತದೆ.

ಧಾರಣೆಯ ಸಂದೇಶದಲ್ಲಂತೂ ಇದು ನಗೆಪಾಟಲಾಗುತ್ತದೆ. ಶಿವಮೊಗ್ಗ, ಶಿರಸಿ ಮಾರುಕಟ್ಟೆಗಳಲ್ಲಿ ಕ್ವಿಂಟಾಲಿಗೆ ಬೆಲೆ ಹೇಳುತ್ತಾರೆ, ಪುತ್ತೂರು, ಮಂಗಳೂರಿನ ಕಡೆ ಕಿಲೋಗೆ. ನಮ್ಮವರು ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ಹೇಳುವಾಗ ಅವರು ಹೊಸ ಚಾಲಿ, ಹಳೆ ಚಾಲಿ ಎನ್ನುತ್ತಾರೆ. ಬರೀ ಅಂಕಿಯಿರುವ ಸಂದೇಶ ಘಟ್ಟ ಹತ್ತಿ ಬಂದರೆ ಅದು ಏನನ್ನು ಹೇಳುತ್ತಿದೆ ಎಂದು ತಿಳಿಯಲು ಕರಾವಳಿಯಲ್ಲಿ ನೆಂಟರಿರಬೇಕು. ನನಗೆ ಭಾವಮೈದ ಇದ್ದಾರೆ, ಎಲ್ಲರಿಗೂ ಇರುವುದಿಲ್ಲ.

ದೋಟಿ ಹಿಡಿದವನು:

ನಾನು ಮದ್ದು ಬಿಡುವ ಕೆಲಸದವನು. ಮೊದಲು ಮರ ಹತ್ತಿಯೇ ಬಿಡುತ್ತಿದ್ದೆ, ಈಗ ನಾಲ್ಕೈದು ವರ್ಷದಿಂದ ಹೆಚ್ಚಾಗಿ ಕಾರ್ಬನ್ ಫೈಬರ್ ದೋಟಿ, ಅಂದರೆ ನೆಲದಲ್ಲೇ ನಿಂತು ಮದ್ದು ಬಿಡುವ ಉದ್ದನೆಯ ಕೋಲು, ಬಳಸುತ್ತೇನೆ. ಇಲ್ಲಿ ಮಾತಾಡುವವರೆಲ್ಲ ತೋಟದ ಯಜಮಾನರು ಏನು ಓದುತ್ತಾರೆ ಎಂದು ಯೋಚಿಸುತ್ತಿದ್ದೀರಿ. ಸಂದೇಶದ ಪರಿಣಾಮ ನಮ್ಮ ಮೇಲೆ ಹೇಗೆ ಆಗುತ್ತದೆ ಎಂಬುದನ್ನೂ ದಯವಿಟ್ಟು ಯೋಚಿಸಿ.

"ಮಂಗಳವಾರ ಬಿಡುವು ಸಿಗಬಹುದು, ಎಲ್ಲರೂ ಸಿಂಪಡಣೆ ಮುಗಿಸಿಕೊಳ್ಳಿ" ಎಂದು ಒಂದು ಗುಂಪಿಗೆ ಹಾಕಿದರೆ ಸೋಮವಾರ ಸಂಜೆ ನನ್ನ ಫೋನಿಗೆ ಬಿಡುವೇ ಇರುವುದಿಲ್ಲ. ಕರೆ ಮಾಡುವ ಪ್ರತಿಯೊಬ್ಬರಿಗೂ ಆ ಸಂದೇಶ ತಮಗೊಬ್ಬರಿಗೇ ಬಂದಂತೆ ಕಾಣುತ್ತದೆ, ಆದರೆ ಊರಿನಲ್ಲಿ ಈ ಕೆಲಸ ತಿಳಿದವರು ಬೆರಳೆಣಿಕೆಯಷ್ಟು ಮಂದಿ. ನಾವು ಬರುವುದಿಲ್ಲ ಎಂದರೆ ಮುನಿಸು, ಬರುತ್ತೇವೆ ಎಂದು ಹೇಳಿ ಹೋಗದಿದ್ದರೆ ಇನ್ನೂ ದೊಡ್ಡ ಮುನಿಸು. ಒಂದೇ ದಿನದಲ್ಲಿ ಎಲ್ಲ ತೋಟ ಮುಗಿಸಬೇಕೆಂಬ ಒತ್ತಡಕ್ಕೆ ಮರ ಇನ್ನೂ ಒದ್ದೆಯಿರುವಾಗಲೇ ಹತ್ತಿಸುವವರೂ ಇದ್ದಾರೆ. ಕಾಲು ಜಾರಿದರೆ ಏನಾಗುತ್ತದೆ ಎಂದು ನಾನು ಇಲ್ಲಿ ಬರೆಯಬೇಕಾಗಿಲ್ಲ.

ನನ್ನ ಕೋರಿಕೆ ಇಷ್ಟು: ಸಂದೇಶದಲ್ಲಿ ಯಾರು ಮೊದಲು ಮಾಡಿಸಬೇಕು ಎಂದು ಬರೆಯಿರಿ. ಮೊದಲ ಸುತ್ತು ಮುಗಿದು 45 ದಿನ ದಾಟಿದವರು ಈ ವಾರ, 40 ದಿನ ತುಂಬದವರು ಮುಂದಿನ ಬಿಡುವಿಗೆ ಎಂದು ಇದ್ದರೆ ಜನರೇ ತಮ್ಮ ಸರದಿಯನ್ನು ಲೆಕ್ಕ ಹಾಕಿಕೊಳ್ಳುತ್ತಾರೆ. ನಮಗೂ ಉಸಿರಾಡಲು ಅವಕಾಶ ಸಿಗುತ್ತದೆ.

ಸುಳ್ಯ ಸೀಮೆ:

ದೋಟಿಯವರ ಮಾತು ನನ್ನ ಯೋಚನೆಯಲ್ಲೇ ಇರಲಿಲ್ಲ. ಸಂದೇಶವನ್ನು ಓದುವವರಷ್ಟೇ ಅಲ್ಲ, ಓದಿದವರು ಕರೆಯುವವರೂ ನಮ್ಮ ಲೆಕ್ಕದಲ್ಲಿರಬೇಕು ಎಂದಾಯಿತು.

ಇಂಚಿನ ಲೆಕ್ಕದವರು:

ನಾನು ಸ್ವಲ್ಪ ಭಿನ್ನವಾಗಿ ಮಾತಾಡುತ್ತೇನೆ, ಬೇಸರಿಸಬೇಡಿ. ನಮ್ಮ ಮನೆಯಲ್ಲಿ ತಂದೆಯವರ ಕಾಲದಿಂದ ಮಳೆಮಾಪಕವಿದೆ. ದಿನವೂ ಬೆಳಗ್ಗೆ ಅಳೆದು ಪುಸ್ತಕದಲ್ಲಿ ಬರೆದಿಡುತ್ತೇವೆ. ಕರಾವಳಿಯ ಎಷ್ಟೋ ಮನೆಗಳಲ್ಲಿ ಈ ಪದ್ಧತಿಯಿದೆ. ನನ್ನಂಥವರಿಗೆ "ಗಮನವಿರಲಿ, ಎಚ್ಚರಿಕೆಯಿಂದಿರಿ, ಸೂಕ್ತ ಕ್ರಮ ಕೈಗೊಳ್ಳಿ" ಎಂಬ ಉಪದೇಶಗಳು ಕಿರಿಕಿರಿ ಉಂಟುಮಾಡುತ್ತವೆ. ಬೋರ್ಡೋ ಮಾಡುವುದು ಹೇಗೆ ಎಂದು ನಿನ್ನೆ ಮೊನ್ನೆ ಗುಂಪಿಗೆ ಸೇರಿದವರು ನನಗೆ ಕಲಿಸಬೇಕಾಗಿಲ್ಲ. ಅಂಕಿ ಕೊಡಿ, ಸಾಕು. ಉಳಿದದ್ದನ್ನು ನಾನು ನೋಡಿಕೊಳ್ಳುತ್ತೇನೆ.

ಎಲ್ಲರನ್ನೂ ಏನೂ ತಿಳಿಯದವರೆಂದು ಭಾವಿಸಿ ಬರೆಯುವುದೂ ಓದುಗರನ್ನು ಅರಿಯದೆ ಬರೆಯುವುದರ ಇನ್ನೊಂದು ಬಗೆ. ಕೃಷಿ ಪತ್ರಿಕೋದ್ಯಮದಲ್ಲಿ ನಮ್ಮ ಪುತ್ತೂರಿನ ಕಡೆಯೇ ಇದಕ್ಕೆ ಉತ್ತರ ಹುಡುಕಿದ್ದರು. 1988ರಲ್ಲಿ ಆರಂಭವಾದ ಅಡಿಕೆ ಪತ್ರಿಕೆ, ಕೃಷಿಕರ ಕೈಗೇ ಲೇಖನಿ ಕೊಡಬೇಕೆಂದು ಹೊರಟಿತು. ಬರೆಯುವವನೂ ಬೆಳೆಗಾರ, ಓದುವವನೂ ಬೆಳೆಗಾರ ಎಂದಾದಾಗ "ತಕ್ಕದ್ದು" ಎಂಬ ಧಾಟಿ ತಾನಾಗಿ ಬಿದ್ದುಹೋಗುತ್ತದೆ. ನೀವೂ ತೋಟ ಇರುವವರೇ ತಾನೇ, ಹಾಗಿದ್ದರೆ ಇಲಾಖೆಯ ಧ್ವನಿಯನ್ನು ಎರವಲು ತಂದುಕೊಳ್ಳುವುದೇಕೆ?

ಮಾಗಡಿ ರಸ್ತೆಯಿಂದ ತೋಟ ನೋಡುವವಳು:

ಹಿರಿಯರ ಮಾತಿಗೆ ಗೌರವವಿದೆ, ಆದರೆ ನನ್ನ ಸ್ಥಿತಿ ಅವರಿಗೆ ತದ್ವಿರುದ್ಧ. ನಾನು ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದೇನೆ. ಊರಿನ ತೋಟದಲ್ಲಿ ಅಮ್ಮ ಒಬ್ಬರೇ ಇದ್ದಾರೆ, ಕೆಲಸದವರೊಡನೆ ಮಾತಾಡುವುದು, ತುತ್ತ-ಸುಣ್ಣ ತರಿಸುವುದು, ಹಣ ಕಳುಹಿಸುವುದು ಎಲ್ಲವೂ ಇಲ್ಲಿಂದಲೇ ನನ್ನದು. ಹಿರಿಯರಿಗೆ ಕಿರಿಕಿರಿಯಾಗುವ ಆ ವಿವರಗಳೇ ನನಗೆ ಬೇಕು. ಶೇಕಡಾ ಒಂದರ ದ್ರಾವಣ ಎಂದು ಬರೆದರೆ ನನಗೆ ಅಂಗಡಿಯಲ್ಲಿ ಎಷ್ಟು ಕೇಳಬೇಕು ಎಂದು ತಿಳಿಯುವುದಿಲ್ಲ. ನಮ್ಮ ತೋಟದಲ್ಲಿರುವುದು 200 ಲೀಟರಿನ ಬ್ಯಾರೆಲ್. ಬ್ಯಾರೆಲಿಗೆ ಎಷ್ಟು ಎಂದು ಹೇಳಿದರೆ ನಾನು ಬದುಕಿದೆ.

ಹಿಂದೆ ಬಂದಿದ್ದ ಒಂದು ಸಲಹಾ ಪತ್ರದಲ್ಲಿ ಎಲ್ಲ ಲೆಕ್ಕವೂ ಹೆಕ್ಟೇರಿಗೆ ಇತ್ತು. ನಮ್ಮ ಪಹಣಿಯಲ್ಲಿ ಇರುವುದು ಎಕರೆ ಮತ್ತು ಗುಂಟೆ, ಅಮ್ಮ ಹೇಳುವುದು ಸೆಂಟ್ಸಿನಲ್ಲಿ, ಕೆಲಸದವರು ಕೇಳುವುದು ಮರದ ಲೆಕ್ಕ. ಎಕರೆಗೆ 40 ಗುಂಟೆ, 100 ಸೆಂಟ್ಸ್, ಹೆಕ್ಟೇರಿಗೆ ಸುಮಾರು ಎರಡೂವರೆ ಎಕರೆ ಎಂಬ ಲೆಕ್ಕವನ್ನೆಲ್ಲ ಹಾಕಿ ಮುಗಿಸುವ ಹೊತ್ತಿಗೆ ಮದ್ದು ಬಿಡುವವರು ಬೇರೆ ತೋಟಕ್ಕೆ ಹೋಗಿಯಾಗಿತ್ತು.

ನಿವೃತ್ತ ವಿಸ್ತರಣಾಧಿಕಾರಿ:

ಇಬ್ಬರ ಮಾತೂ ಸರಿಯಿದೆ, ಇಬ್ಬರಿಗೂ ಒಂದೇ ಸಂದೇಶದಲ್ಲಿ ಜಾಗವಿದೆ. ವಾಟ್ಸ್‌ಆ್ಯಪ್‌ನಲ್ಲಿ ಉದ್ದನೆಯ ಸಂದೇಶ ಪೂರ್ತಿಯಾಗಿ ಕಾಣುವುದಿಲ್ಲ, ಕೆಲವು ಸಾಲುಗಳ ನಂತರ ಮುಂದೆ ಓದಲು ಒತ್ತಬೇಕಾಗುತ್ತದೆ. ಆ ಗೆರೆಯ ಮೇಲಿನದು ಎಲ್ಲರಿಗೆ, ಕೆಳಗಿನದು ಬೇಕಾದವರಿಗೆ ಎಂದು ವಿಂಗಡಿಸಿಕೊಳ್ಳಿ. ಮೇಲಿನ ಸಾಲುಗಳಲ್ಲಿ ದಿನ, ಜಿಲ್ಲೆ, ಮಳೆಯ ಪ್ರಮಾಣ, ಬಿಡುವಿನ ದಿನ, ಯಾರು ಮೊದಲು ಮಾಡಿಸಬೇಕು ಎಂಬುದು ಬರಲಿ. ಹಿರಿಯರು ಅಲ್ಲಿಗೇ ಓದು ನಿಲ್ಲಿಸಬಹುದು. "ಆತ್ಮೀಯ ಕೃಷಿಕ ಬಾಂಧವರೇ" ಎಂಬ ಸಂಬೋಧನೆಯನ್ನು ಕೈಬಿಡಿ, ಫೋನಿನ ಪರದೆಯ ಮೇಲೆ ಮೊದಲು ಮಿನುಗುವ ಒಂದೇ ಸಾಲನ್ನು ಅದು ನುಂಗಿಹಾಕುತ್ತದೆ.

ಆದರೆ ಕೆಳಗಿನ ಭಾಗದಲ್ಲಿ ಬೋರ್ಡೋ ತಯಾರಿಯನ್ನು ಬರೆಯುವುದಾದರೆ ಅರ್ಧಂಬರ್ಧ ಬರೆಯಬೇಡಿ, ಏಕೆಂದರೆ ತಿಳಿದವರು ಅದನ್ನು ಓದುವುದಿಲ್ಲ, ಓದುವವರು ತಿಳಿಯದವರೇ ಆಗಿರುತ್ತಾರೆ. "ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, 100 ಲೀಟರ್ ನೀರು" ಎಂಬ ಒಂದೇ ಸಾಲನ್ನು ಓದಿದ ಹೊಸಬರು ಎರಡನ್ನೂ ಒಂದೇ ಬ್ಯಾರೆಲಿಗೆ ಸುರಿದು ಕಲಕುತ್ತಾರೆ. ಹಾಗಲ್ಲ. ತುತ್ತವನ್ನು 50 ಲೀಟರ್ ನೀರಿನಲ್ಲಿ ಬೇರೆಯಾಗಿ, ಸುಣ್ಣವನ್ನು 50 ಲೀಟರ್ ನೀರಿನಲ್ಲಿ ಬೇರೆಯಾಗಿ ಕರಗಿಸಿಕೊಂಡು, ತುತ್ತದ ನೀರನ್ನು ಸುಣ್ಣದ ನೀರಿಗೆ ಕಲಕುತ್ತ ಸುರಿಯಬೇಕು. ಪಾತ್ರೆ ಪ್ಲಾಸ್ಟಿಕ್ಕಿನದೋ ಮರದ್ದೋ ಇರಬೇಕು, ಕಬ್ಬಿಣದ್ದು ಕೂಡದು. ಕೊನೆಗೆ ಹೊಳೆಯುವ ಚಾಕುವಿನ ಅಲಗನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆದಾಗ ಅದರ ಮೇಲೆ ಕೆಂಪನೆಯ ತಾಮ್ರದ ಲೇಪ ಕಂಡರೆ ಸುಣ್ಣ ಸಾಲದು ಎಂದರ್ಥ, ಇನ್ನಷ್ಟು ಸುಣ್ಣದ ನೀರು ಸೇರಿಸಬೇಕು. ಮಾಡಿದ ದಿನವೇ ಬಳಸಿ ಮುಗಿಸಬೇಕು. ಮಾಗಡಿ ರಸ್ತೆಯವರೇ, ನಿಮ್ಮ 200 ಲೀಟರಿನ ಬ್ಯಾರೆಲಿಗೆ ತಲಾ ಎರಡು ಕಿಲೋ.

ಚಾಕುವಿನ ಪರೀಕ್ಷೆಯನ್ನು ಮಾತ್ರ ಯಾವ ಕಾರಣಕ್ಕೂ ಬಿಡಬೇಡಿ. ಮದ್ದು ಬೆರೆಸುವುದು ನಿಮ್ಮ ಗುಂಪಿನಲ್ಲಿ ಇಲ್ಲದ, ಪ್ರಾಯಶಃ ಕನ್ನಡ ಓದಲು ಬಾರದ ಒಬ್ಬ ಕೆಲಸಗಾರ ಆಗಿರಬಹುದು. ಅಮ್ಮನೋ ಮಗಳೋ ಫೋನಿನಲ್ಲಿ ಓದಿ ಹೇಳಿದಾಗ ಅವನ ಕಿವಿಗೆ ಬಿದ್ದು ಮನಸ್ಸಿನಲ್ಲಿ ನಿಲ್ಲುವುದು ಶೇಕಡಾವಾರು ಅಲ್ಲ, ಕಣ್ಣಿಗೆ ಕಾಣುವ ಆ ಕೆಂಪು.

ಕೇಳಿ ಓದುವವನು:

ನನಗೆ ದೃಷ್ಟಿ ತೀರ ಕಡಿಮೆ. ಫೋನಿನ ಟಾಕ್‌ಬ್ಯಾಕ್ ಸೌಲಭ್ಯ ಅಕ್ಷರಗಳನ್ನು ಓದಿ ಹೇಳುತ್ತದೆ, ನಾನು ಕೇಳಿಸಿಕೊಳ್ಳುತ್ತೇನೆ. ನಮ್ಮ ಗುಂಪುಗಳಲ್ಲಿ ಬರುವ ಮುನ್ಸೂಚನೆಗಳಲ್ಲಿ ಮುಕ್ಕಾಲು ಪಾಲು ಬಣ್ಣಬಣ್ಣದ ಚಿತ್ರಗಳು. ಚಿತ್ರದ ಒಳಗಿನ ಬರಹ ನನ್ನ ಪಾಲಿಗೆ ಇಲ್ಲದಂತೆಯೇ. ಎಚ್ಚರಿಕೆಯ ನಕ್ಷೆಯಲ್ಲಿ ಜಿಲ್ಲೆಗೆ ಹಳದಿ ಬಳಿದು ಕಳುಹಿಸಿದರೆ ಯಾವ ಜಿಲ್ಲೆಗೆ ಯಾವ ಬಣ್ಣ ಎಂದು ನಾನು ಯಾರನ್ನಾದರೂ ಕರೆದು ಕೇಳಬೇಕು. ಚಿತ್ರ ಹಾಕಬೇಡಿ ಎನ್ನುವುದಿಲ್ಲ, ಅದರ ಕೆಳಗೆ ಅದೇ ವಿಷಯವನ್ನು ಅಕ್ಷರದಲ್ಲಿ ಬರೆಯಿರಿ.

ಹಳೆಯ ನುಡಿ ಅಕ್ಷರಶೈಲಿಯಲ್ಲಿ ಬೆರಳಚ್ಚು ಮಾಡಿದ್ದನ್ನು ಯೂನಿಕೋಡಿಗೆ ಪರಿವರ್ತಿಸದೆ ಅಂಟಿಸುವವರು ಇನ್ನೂ ಇದ್ದಾರೆ. ಅದು ನಿಮ್ಮ ಫೋನಿನಲ್ಲೂ ಇಂಗ್ಲಿಷ್ ಅಕ್ಷರಗಳ ಗೋಜಲಾಗಿಯೇ ಕಾಣುತ್ತದೆ, ನನಗೆ ಅದೇ ಗೋಜಲು ಕಿವಿಯಲ್ಲಿ ಕೇಳುತ್ತದೆ. ಹಾಗೆಯೇ "ಮಿ.ಮೀ." ಎಂದು ಬರೆಯುವ ಬದಲು "ಮಿಲಿಮೀಟರ್" ಎಂದು ಪೂರ್ತಿಯಾಗಿ ಬರೆಯಿರಿ. ಸಾಲಿನ ಕೊನೆಗೆ ಹತ್ತು ಕೈಮುಗಿಯುವ ಚಿಹ್ನೆಗಳನ್ನು ಇಟ್ಟರೆ ಯಂತ್ರ ಅದನ್ನೂ ನನಗೆ ಓದಿ ಹೇಳುತ್ತದೆ, ಅಷ್ಟು ನಮಸ್ಕಾರ ನನಗೆ ಬೇಡ.

ಇಂಚಿನ ಲೆಕ್ಕದವರು:

ಇದು ಕಣ್ಣು ಚೆನ್ನಾಗಿರುವ ಮುದುಕರಿಗೂ ಅನ್ವಯಿಸುತ್ತದೆ. ಚಿತ್ರದ ಅಕ್ಷರಗಳನ್ನು ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ಓದುವುದು ನನಗೂ ಬೇಸರ. ಧ್ವನಿ ಸಂದೇಶವನ್ನೂ ಜೊತೆಗೆ ಹಾಕಿದರೆ ಒಳ್ಳೆಯದು, ನಮ್ಮ ಮನೆಯವರು ಅಂಗಳದಲ್ಲಿ ಅಡಿಕೆ ಹೆಕ್ಕುತ್ತಲೇ ಕೇಳಿಸಿಕೊಳ್ಳುತ್ತಾರೆ. ಆದರೆ ಒಂದು ನಿಮಿಷ ದಾಟಬಾರದು.

ಜಾಲದ ಕೆಲಸದವನು:

ಯಾರೂ ಇನ್ನೂ ಹೇಳದ ಒಂದು ಬಗೆಯ ಓದುಗರಿದ್ದಾರೆ: ನೀವು ಕಳುಹಿಸಿದ ಹತ್ತು ದಿನಗಳ ನಂತರ, ನಿಮ್ಮ ಗುಂಪಿನಲ್ಲಿ ಇಲ್ಲದೆಯೇ ಅದನ್ನು ಓದುವವರು. ಭಾರತದಲ್ಲಿ 2018ರಿಂದ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆ ದಾಟಿಸಲು ವಾಟ್ಸ್‌ಆ್ಯಪ್ ಬಿಡುತ್ತಿಲ್ಲ, ಹಲವು ಬಾರಿ ದಾಟಿ ಬಂದದ್ದನ್ನು 2020ರ ಏಪ್ರಿಲ್‌ನಿಂದ ಒಮ್ಮೆಗೆ ಒಂದೇ ಕಡೆ ಕಳುಹಿಸಬಹುದು. ಅಷ್ಟಾದರೂ ಮಳೆಯ ಸಂದೇಶಗಳು ಊರೂರು ಸುತ್ತುತ್ತಲೇ ಇವೆ. ದಾಟುವಾಗ ಸಂದೇಶದ ಜೊತೆಗೆ ಅದನ್ನು ಬರೆದ ದಿನಾಂಕವಾಗಲಿ, ಗುಂಪಿನ ಹೆಸರಾಗಲಿ ಹೋಗುವುದಿಲ್ಲ. ತಲುಪಿದ ಕಡೆ ಕಾಣುವುದು ಅಲ್ಲಿಗೆ ತಲುಪಿದ ಹೊತ್ತು ಮಾತ್ರ. "ನಾಳೆ ಭಾರೀ ಮಳೆ, ಶಾಲೆಗಳಿಗೆ ರಜೆ" ಎಂಬ ಸಂದೇಶ ಪ್ರತಿ ದಿನವೂ ಹೊಸ ನಾಳೆಯನ್ನು ಹುಟ್ಟಿಸುತ್ತ ಹೋಗುವುದು ಇದೇ ಕಾರಣಕ್ಕೆ.

ಆದ್ದರಿಂದ "ನಾಳೆ", "ಇಂದು ರಾತ್ರಿ", "ನಮ್ಮ ಜಿಲ್ಲೆ", "ನಮ್ಮ ಊರು" ಎಂಬ ಮಾತುಗಳನ್ನೆಲ್ಲ ಬಿಟ್ಟುಬಿಡಿ. ವಾರ, ದಿನಾಂಕ, ಜಿಲ್ಲೆಯ ಹೆಸರು, ಎಷ್ಟು ಗಂಟೆಯವರೆಗೆ ಇದು ಅನ್ವಯ ಎಂಬುದು ಅಕ್ಷರದಲ್ಲೇ ಇರಲಿ. ಗುಂಪಿನವರಿಗೆ ಇದು ಅನಗತ್ಯ ಎಂದು ತೋರಬಹುದು, ಆದರೆ ಸಂದೇಶ ಗುಂಪಿನೊಳಗೆ ಉಳಿಯುತ್ತದೆ ಎಂದು ಭಾವಿಸಿ ಬರೆಯುವ ಕಾಲ ಹೋಯಿತು.

ಇನ್ನೊಂದು ಮಾತು, ಸ್ವಲ್ಪ ವಿಷಯಾಂತರವಾದರೂ ಹೇಳುತ್ತೇನೆ. 2023ರ ಅಕ್ಟೋಬರಿನಲ್ಲಿ ಕೇಂದ್ರ ದೂರಸಂಪರ್ಕ ಇಲಾಖೆಯವರು ಕರ್ನಾಟಕದ ಫೋನುಗಳಿಗೆ ವಿಪತ್ತು ಎಚ್ಚರಿಕೆಯ ಪರೀಕ್ಷಾರ್ಥ ಸಂದೇಶ ಕಳುಹಿಸಿದ್ದು ನೆನಪಿರಬಹುದು. ದೊಡ್ಡ ಸದ್ದಿನೊಂದಿಗೆ ಬಂದ ಅದರಲ್ಲಿ ಇದು ಪರೀಕ್ಷೆ, ನೀವೇನೂ ಮಾಡಬೇಕಾಗಿಲ್ಲ ಎಂಬುದೇ ಇದ್ದದ್ದು. ಆದರೆ ಸದ್ದಿಗೆ ಬೆಚ್ಚಿದವರು ಓದುವ ಮೊದಲೇ ಪರದೆಯನ್ನು ಒತ್ತಿ ಅದನ್ನು ಕಳೆದುಕೊಂಡು, ಪಕ್ಕದವರನ್ನು ಕೇಳುತ್ತ ನಿಂತಿದ್ದರು. ಗಾಬರಿಯಾದವರು ಎರಡನೆಯ ಸಾಲಿಗೆ ಹೋಗುವುದಿಲ್ಲ.

ಕಾಸರಗೋಡಿನ ಕನ್ನಡಿಗ:

ಈ "ನಮ್ಮ ಜಿಲ್ಲೆ" ಎಂಬುದರಿಂದ ತೊಂದರೆಪಡುವವರು ನಾವು. ಇಲ್ಲಿ ಕನ್ನಡದಲ್ಲೇ ಓದಿ ಬರೆಯುವ ಅಡಿಕೆ ಬೆಳೆಗಾರರು ಬಹಳಷ್ಟು ಮಂದಿ ಇದ್ದೇವೆ. ಪುತ್ತೂರು, ವಿಟ್ಲ, ಸುಳ್ಯದ ಗುಂಪುಗಳಲ್ಲಿ ನಾವೂ ಇದ್ದೇವೆ, ಏಕೆಂದರೆ ನಮ್ಮ ಬೆಳೆ, ರೋಗ, ಮಾರುಕಟ್ಟೆ ಎಲ್ಲ ಅವರದ್ದೇ. ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೋ 1973ರಲ್ಲಿ ಹುಟ್ಟಿದ್ದೇ ಎರಡೂ ರಾಜ್ಯಗಳ ಬೆಳೆಗಾರರಿಗಾಗಿ. ಆದರೆ 1956ರಿಂದ ನಾವಿರುವುದು ಕೇರಳದಲ್ಲಿ. ಹವಾಮಾನ ಇಲಾಖೆಯ ಕೇರಳದ ಮುನ್ಸೂಚನೆ ಹೊರಡುವುದು ತಿರುವನಂತಪುರದಿಂದ, ಕರ್ನಾಟಕದ್ದು ಬೆಂಗಳೂರಿನಿಂದ. ದಕ್ಷಿಣ ಕನ್ನಡಕ್ಕೆ ಕೆಂಪು ಇರುವ ದಿನ ಕಾಸರಗೋಡಿಗೆ ಕಿತ್ತಳೆ ಇರಬಹುದು, ರಜೆ ಘೋಷಿಸುವವರೂ ಬೇರೆ ಜಿಲ್ಲಾಧಿಕಾರಿಗಳು. ಕನ್ನಡದಲ್ಲಿ ಬಂದ ಸಂದೇಶ ಎಂದ ಮಾತ್ರಕ್ಕೆ ಅದು ಕರ್ನಾಟಕದವರಿಗೆ ಮಾತ್ರ ತಲುಪುತ್ತದೆ ಎಂದು ಬರೆಯುವವರು ಭಾವಿಸಬಾರದು.

ಕೊಳೆರೋಗ ಎಂದು ಬರೆದಲ್ಲಿ "ಮಹಾಳಿ" ಎಂದೂ ಸೇರಿಸಿದರೆ ನಮ್ಮ ಕಡೆಯ ಕೆಲಸದವರಿಗೆ ತಟ್ಟನೆ ತಿಳಿಯುತ್ತದೆ. ಒಂದು ಪದದ ಖರ್ಚು, ಅಷ್ಟೇ.

ಸುಳ್ಯ ಸೀಮೆ:

ಎಲ್ಲರ ಮಾತನ್ನೂ ಮುಂದಿಟ್ಟುಕೊಂಡು ಒಂದು ಮಾದರಿಯನ್ನು ಬರೆದಿದ್ದೇನೆ. ಇದರಲ್ಲಿರುವ ದಿನಾಂಕ, ಮುನ್ಸೂಚನೆ ಎಲ್ಲ ಮಾದರಿಗಾಗಿ ಕಲ್ಪಿಸಿಕೊಂಡವು, ನಿಜವಾದ ಸಂದೇಶವೆಂದು ಯಾರೂ ದಾಟಿಸಬೇಡಿ.

"ಸುಳ್ಯ, ಕಡಬ, ಪುತ್ತೂರು ತಾಲ್ಲೂಕುಗಳು: ಜುಲೈ 13 ಭಾನುವಾರ ಬೆಳಗ್ಗೆ 8.30ರಿಂದ ಜುಲೈ 14 ಸೋಮವಾರ ಬೆಳಗ್ಗೆ 8.30ರವರೆಗೆ ಭಾರೀ ಮಳೆಯ ಸಾಧ್ಯತೆ, ಹಳದಿ ಎಚ್ಚರಿಕೆ.
ಭಾರೀ ಎಂದರೆ 24 ಗಂಟೆಗಳಲ್ಲಿ ಎರಡೂವರೆ ಇಂಚಿನಿಂದ ನಾಲ್ಕೂವರೆ ಇಂಚು, ಅಂದರೆ ಸುಮಾರು 65ರಿಂದ 115 ಮಿಲಿಮೀಟರ್.
ಮಂಗಳವಾರ, ಬುಧವಾರ ಮಳೆ ಇಳಿಮುಖವಾಗುವ ಮುನ್ಸೂಚನೆಯಿದೆ.
ಕೊಳೆರೋಗ ಅಥವಾ ಮಹಾಳಿಗೆ ಮೊದಲ ಮದ್ದು ಬಿಟ್ಟು 45 ದಿನ ದಾಟಿದವರು ಈ ಬಿಡುವಿನಲ್ಲಿ ಮಾಡಿಸಿಕೊಳ್ಳಬಹುದು. 40 ದಿನ ತುಂಬದವರು ಮುಂದಿನ ಬಿಡುವಿಗೆ ಕಾಯಬಹುದು. ಮರ ಒದ್ದೆಯಿರುವಾಗ ಯಾರನ್ನೂ ಹತ್ತಿಸಬೇಡಿ.
ಬೋರ್ಡೋ ತಯಾರಿಯ ವಿವರ ಕೆಳಗಿದೆ, ತಿಳಿದವರು ಬಿಟ್ಟುಬಿಡಿ."

ಇದರ ಕೆಳಗೆ ನಿವೃತ್ತರು ಬರೆದ ತಯಾರಿಯ ಕ್ರಮವನ್ನು 200 ಲೀಟರಿನ ಬ್ಯಾರೆಲಿನ ಲೆಕ್ಕಕ್ಕೆ ಬದಲಿಸಿ, ಚಾಕುವಿನ ಪರೀಕ್ಷೆಯೊಂದಿಗೆ ಸೇರಿಸುತ್ತೇನೆ. ಧ್ವನಿ ಸಂದೇಶದಲ್ಲಿ ಮೇಲಿನ ಭಾಗ ಮಾತ್ರ ಇರುತ್ತದೆ.

ದೋಟಿ ಹಿಡಿದವನು:

ಒದ್ದೆ ಮರದ ಸಾಲಿಗೆ ವಂದನೆಗಳು. ಒಂದೇ ಒಂದು ಸೇರ್ಪಡೆ ಬೇಕು. ಬಿಡುವು ಎಂದರೆ ಬೆಳಗ್ಗೆಯೇ ಆರಂಭಿಸಬಹುದು ಎಂದಲ್ಲ. ಗೊನೆಯ ಮೇಲಿನ ನೀರು ಇಳಿಯಬೇಕು, ಬಿಟ್ಟ ಮದ್ದು ಒಣಗುವವರೆಗೆ ಮಳೆ ಬೀಳಬಾರದು. ನಾವು ಬೆಳಗ್ಗೆ ಹತ್ತರವರೆಗೆ ಕಾದು ಕುಳಿತರೆ ಸೋಮಾರಿತನ ಎಂದು ತಿಳಿಯುವವರಿದ್ದಾರೆ, ಅದನ್ನೂ ಒಂದು ಸಾಲಿನಲ್ಲಿ ಬರೆದುಬಿಡಿ.

ನಿವೃತ್ತ ವಿಸ್ತರಣಾಧಿಕಾರಿ:

ಮಾದರಿ ಚೆನ್ನಾಗಿದೆ, ಆದರೆ ಮೊದಲ ಸಾಲು ನನಗೆ ಒಪ್ಪಿಗೆಯಿಲ್ಲ. ಬಣ್ಣದ ಎಚ್ಚರಿಕೆಯನ್ನು ಇಲಾಖೆ ಕೊಡುವುದು ಇಡೀ ದಕ್ಷಿಣ ಕನ್ನಡ ಜಿಲ್ಲೆಗೆ. ನಿಮ್ಮ ಓದುಗರು ಮೂರು ತಾಲ್ಲೂಕಿನವರು ಎಂಬ ಕಾರಣಕ್ಕೆ ಅದನ್ನು ಮೂರು ತಾಲ್ಲೂಕಿನ ಎಚ್ಚರಿಕೆಯಾಗಿ ಬರೆದರೆ, ಮೂಲದಲ್ಲಿ ಇಲ್ಲದ ಖಚಿತತೆಯನ್ನು ನೀವು ಸೇರಿಸಿದಂತಾಗುತ್ತದೆ. ಓದುಗರಿಗೆ ಹತ್ತಿರವಾಗಿ ಬರೆಯುವುದಕ್ಕೂ ಅವರಿಗೆ ಬೇಕಾದಂತೆ ಬರೆಯುವುದಕ್ಕೂ ವ್ಯತ್ಯಾಸವಿದೆ. "ದಕ್ಷಿಣ ಕನ್ನಡ ಜಿಲ್ಲೆ" ಎಂದೇ ಬರೆಯಿರಿ. ತಮ್ಮ ಊರಿನ ಸುತ್ತಮುತ್ತಲಿನ ಮಾಹಿತಿ ಬೇಕಾದವರು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ವರುಣಮಿತ್ರ ಸಹಾಯವಾಣಿಗೆ ಕರೆ ಮಾಡಿ ಊರಿನ ಹೆಸರು ಹೇಳಿ ಕೇಳಬಹುದು, ಅವರ ಬಳಿ ಗ್ರಾಮ ಪಂಚಾಯಿತಿ ಮಟ್ಟದ ಮಳೆಮಾಪಕಗಳ ಲೆಕ್ಕವಿರುತ್ತದೆ. ಆ ಸಂಖ್ಯೆಯನ್ನು ಗುಂಪಿನ ವಿವರಣೆಯಲ್ಲಿ ಒಮ್ಮೆ ಹಾಕಿಡಿ, ಪ್ರತಿ ಸಂದೇಶದಲ್ಲೂ ಬೇಡ.

ಇಂಚಿನ ಲೆಕ್ಕದವರು:

ಇಂಚನ್ನೂ ಸೇರಿಸಿದ್ದಕ್ಕೆ ಸಂತೋಷವಾಯಿತು. ಮುನ್ಸೂಚನೆಯ ಕೆಳಗೆ "ಹಿಂದಿನ 24 ಗಂಟೆಗಳಲ್ಲಿ ನಿಜವಾಗಿ ಬಿದ್ದದ್ದು" ಎಂಬ ಒಂದು ಸಾಲು ಇರಲಿ. ನಮ್ಮ ಮನೆಯ ಅಳತೆಯನ್ನು ನಾನು ದಿನವೂ ಬೆಳಗ್ಗೆ 8.30ಕ್ಕೆ ನಿಮಗೆ ಕಳುಹಿಸುತ್ತೇನೆ, ಮಾಪಕವಿರುವ ಇನ್ನೂ ನಾಲ್ಕು ಮನೆಯವರನ್ನು ಕೇಳಿ ನೋಡುತ್ತೇನೆ. ಎಚ್ಚರಿಕೆ ಬಂದ ದಿನ ಎಷ್ಟು ಬಿತ್ತು, ಬಾರದ ದಿನ ಎಷ್ಟು ಬಿತ್ತು ಎಂದು ಜನ ತಾವೇ ಹೋಲಿಸಿಕೊಂಡರೆ ಆ ಬಣ್ಣಗಳಿಗೆ ಎಷ್ಟು ಬೆಲೆ ಕೊಡಬೇಕು ಎಂದು ಅವರಿಗೇ ತಿಳಿಯುತ್ತದೆ.

ಸುಳ್ಯ ಸೀಮೆ:

ಜಿಲ್ಲೆಯ ಹೆಸರನ್ನೇ ಬರೆಯುತ್ತೇನೆ, ಗೊನೆ ಒಣಗುವ ಸಾಲನ್ನೂ ಸೇರಿಸುತ್ತೇನೆ. ಕಾಸರಗೋಡಿನವರೇ, ನಿಮ್ಮ ಜಿಲ್ಲೆಯ ಎಚ್ಚರಿಕೆಯನ್ನು ಪ್ರತಿ ಸಂಜೆ ಐದರೊಳಗೆ ನನಗೆ ತಿಳಿಸಲು ಸಾಧ್ಯವಾದರೆ ಎರಡನೆಯ ಸಾಲಾಗಿ ಅದನ್ನೂ ಹಾಕುತ್ತೇನೆ. ಧ್ವನಿ ಸಂದೇಶಕ್ಕೆ ನನ್ನ ಗಂಟಲು ಸರಿಹೋಗುವುದಿಲ್ಲ ಎಂದು ಮನೆಯಲ್ಲಿ ತೀರ್ಮಾನವಾಗಿದೆ. ಗುಂಪಿನ ಅಕ್ಕಂದಿರಲ್ಲಿ ಯಾರಾದರೂ ಓದಿ ಕೊಡಲು ಒಪ್ಪಿದರೆ ಈ ಗುರುವಾರದಿಂದಲೇ ಆರಂಭಿಸಬಹುದು.